ವಯಸ್ಸು ನೋಡಿ ನಿಧಾನಿಸಲಿ, ವಯಸ್ಸು ನೋಡಿ ಆರಿಸದಿರಲಿ

ಜರ್ಮನಿಯ ರಸ್ತೆ ಸಂಚಾರ ನಿಯಮಾವಳಿಯ ಮೂರನೇ ಕಲಮಿನಲ್ಲಿ ವಾಹನ ಓಡಿಸುವ ಪ್ರತಿಯೊಬ್ಬರಿಗೂ ಒಂದು ಕಟ್ಟಪ್ಪಣೆಯಿದೆ. ಮಕ್ಕಳು, ವಯಸ್ಸಾದವರು, ಇನ್ನೊಬ್ಬರ ನೆರವು ಬೇಕಾದವರು ರಸ್ತೆಯಲ್ಲಿ ಎದುರಾದರೆ ವೇಗ ತಗ್ಗಿಸಬೇಕು, ಬ್ರೇಕ್ ಹಾಕಲು ಸಿದ್ಧವಾಗಿರಬೇಕು, ಅವರಿಗೆ ಅಪಾಯದ ಸಾಧ್ಯತೆಯೇ ಉಳಿಯದಂತೆ ವಾಹನ ನಡೆಸಬೇಕು ಎನ್ನುತ್ತದೆ ಅದು. ಅದೇ ಜರ್ಮನಿಯಲ್ಲಿ 2017ರ ಜೂನ್‌ನಲ್ಲಿ, ಸಂವಿಧಾನ ನ್ಯಾಯಾಲಯದ ಮಾಜಿ ನ್ಯಾಯಮೂರ್ತಿ ಉಡೊ ಡಿ ಫಾಬಿಯೊ ಅವರ ಅಧ್ಯಕ್ಷತೆಯ ಆಯೋಗವೊಂದು ತಾನಾಗಿ ಚಲಿಸುವ ಕಾರುಗಳಿಗೆ 20 ನೈತಿಕ ಸೂತ್ರಗಳನ್ನು ಕೊಟ್ಟಿತು. ಅವುಗಳಲ್ಲಿ ಒಂಬತ್ತನೆಯದು ಬಹಳ ಕಟ್ಟುನಿಟ್ಟಿನದು: ಅಪಘಾತ ತಪ್ಪಿಸಲಾಗದ ಗಳಿಗೆಯಲ್ಲಿ ವಯಸ್ಸು, ಲಿಂಗ, ದೇಹ ಅಥವಾ ಮನಸ್ಸಿನ ಸ್ಥಿತಿ ನೋಡಿ ಜನರ ನಡುವೆ ಭೇದ ಮಾಡುವಂತಿಲ್ಲ. 2021ರಲ್ಲಿ ಚಾಲಕನಿಲ್ಲದ ಕಾರುಗಳಿಗೆ ದಾರಿ ಮಾಡಿಕೊಟ್ಟ ಕಾಯ್ದೆಯಲ್ಲೂ ಈ ನಿಷೇಧ ಸೇರಿತು. ಒಂದು ನಿಯಮ ವಯಸ್ಸನ್ನು ನೋಡು ಎನ್ನುತ್ತದೆ, ಇನ್ನೊಂದು ನೋಡಲೇಬೇಡ ಎನ್ನುತ್ತದೆ. ಇವೆರಡರ ನಡುವೆ ವಿರೋಧವಿದೆ ಎಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಚಾಲಕನಿಲ್ಲದ ಕಾರಿನ ನೀತಿಯೆಲ್ಲ ಈ ಎರಡೂ ಮಾತುಗಳನ್ನು ಒಟ್ಟಿಗೆ ಹಿಡಿಯುವುದರಲ್ಲಿದೆ ಎಂಬುದು ನನ್ನ ವಾದ. ಯಾರ ಜೀವ ಹೆಚ್ಚು ಬೆಲೆಯದು ಎಂದು ತೂಗಲು ವಯಸ್ಸು ಬಳಕೆಯಾಗಬಾರದು. ಯಾರಿಗೆ ಹೆಚ್ಚು ಎಚ್ಚರ ಬೇಕು ಎಂದು ತಿಳಿಯಲು ಬಳಕೆಯಾಗಲೇಬೇಕು.

ಈ ಚರ್ಚೆ ಜನಸಾಮಾನ್ಯರ ನಡುವೆ ಹರಡಿದ್ದು ಅಮೆರಿಕದ ಎಂಐಟಿ ಸಂಸ್ಥೆಯ ಒಂದು ಪ್ರಯೋಗದಿಂದ. 2016ರಲ್ಲಿ ಅಲ್ಲಿನ ಮೀಡಿಯಾ ಲ್ಯಾಬ್ ‘ಮಾರಲ್ ಮಷೀನ್’ ಎಂಬ ಜಾಲತಾಣ ತೆರೆಯಿತು. ಬ್ರೇಕ್ ಕೆಟ್ಟ ಕಾರೊಂದು ಝೀಬ್ರಾ ಕ್ರಾಸಿಂಗ್ ಕಡೆ ನುಗ್ಗುತ್ತಿರುವ ಚಿತ್ರ ತೋರಿಸಿ, ನೇರ ಹೋಗಿ ಇವರನ್ನು ಕೊಲ್ಲಬೇಕೋ, ತಿರುಗಿ ಅವರನ್ನು ಕೊಲ್ಲಬೇಕೋ ಎಂದು ಅದು ನೋಡುಗರನ್ನು ಕೇಳುತ್ತಿತ್ತು. ಮಗು, ಮುದುಕಿ, ವೈದ್ಯ, ಕಳ್ಳ, ನಾಯಿ, ಗರ್ಭಿಣಿ ಹೀಗೆ ಪಾತ್ರಗಳು ಬದಲಾಗುತ್ತಿದ್ದವು. 2018ರ ಅಕ್ಟೋಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಗುವ ಹೊತ್ತಿಗೆ 233 ದೇಶ ಮತ್ತು ಪ್ರಾಂತ್ಯಗಳಿಂದ ಸುಮಾರು 4 ಕೋಟಿ ಉತ್ತರಗಳು ಸೇರಿದ್ದವು. ಮೂರು ಒಲವುಗಳು ಎದ್ದು ಕಂಡವು: ಪ್ರಾಣಿಗಿಂತ ಮನುಷ್ಯನನ್ನು, ಕೆಲವರಿಗಿಂತ ಹಲವರನ್ನು, ವಯಸ್ಸಾದವರಿಗಿಂತ ಎಳೆಯರನ್ನು ಉಳಿಸಬೇಕು. ಇವುಗಳಲ್ಲಿ ಮೂರನೆಯದು ಎಲ್ಲ ಕಡೆ ಒಂದೇ ಬಲದಲ್ಲಿರಲಿಲ್ಲ. ಲ್ಯಾಟಿನ್ ಅಮೆರಿಕದ ದೇಶಗಳು ಹೆಚ್ಚಾಗಿ ಸೇರಿದ ಗುಂಪಿನಲ್ಲಿ ಎಳೆಯರ ಪರವಾದ ಒಲವು ತೀವ್ರವಾಗಿತ್ತು. ಜಪಾನ್, ತೈವಾನ್‌ನಂಥ ದೇಶಗಳಿದ್ದ ಪೂರ್ವದ ಗುಂಪಿನಲ್ಲಿ ಅದು ಬಹಳ ತೆಳುವಾಗಿತ್ತು. ಹಿರಿಯರ ಬಗೆಗಿನ ಗೌರವ ಆಳವಾಗಿ ಬೇರೂರಿದ ಸಮಾಜಗಳಿಗೂ ಉಳಿದವಕ್ಕೂ ಇರುವ ಅಂತರ ಇದಕ್ಕೆ ಕಾರಣವಿರಬಹುದೆಂದು ಸಂಶೋಧಕರು ಊಹಿಸಿದರು. ಗಡಿ ದಾಟಿದೊಡನೆ ಒಬ್ಬ ಅಜ್ಜಿಯ ಜೀವದ ಬೆಲೆ ಬದಲಾಗುತ್ತದೆ ಎಂದಾದರೆ, ಅಂಥ ಒಲವನ್ನು ಕಾರಿನ ಸಾಫ್ಟ್‌ವೇರ್‌ಗೆ ಇಳಿಸುವ ಮೊದಲು ಬಹಳ ಯೋಚಿಸಬೇಕಾಗುತ್ತದೆ.

ರಸ್ತೆಯಲ್ಲಿರುವವರ ವಯಸ್ಸಿನ ಮಾತು ಹೀಗಾದರೆ, ಕಾರಿನೊಳಗೆ ಕುಳಿತು ತೀರ್ಮಾನ ಹೇಳುವವರ ವಯಸ್ಸು ಏನು ಮಾಡುತ್ತದೆ? ನೈತಿಕ ಇಕ್ಕಟ್ಟುಗಳ ಬಗ್ಗೆ 2019ರಲ್ಲಿ ಪ್ರಕಟವಾದ ಒಂದು ಮನೋವಿಜ್ಞಾನ ಅಧ್ಯಯನದಲ್ಲಿ ಹಿರಿಯರು ಕಿರಿಯರಿಗಿಂತ ಹೆಚ್ಚು ನಿಯಮನಿಷ್ಠರಾಗಿ ಕಂಡರು. ಐವರನ್ನು ಉಳಿಸಲು ಒಬ್ಬನನ್ನು ಬಲಿಕೊಡಬಹುದು ಎಂಬ ಲೆಕ್ಕಾಚಾರಕ್ಕೆ ಕಿರಿಯರು ಒಪ್ಪಿದಷ್ಟು ಸುಲಭವಾಗಿ ಅವರು ಒಪ್ಪಲಿಲ್ಲ. ಕೈಯಾರೆ ಕೇಡು ಮಾಡುವುದೇ ತಪ್ಪು ಎಂಬ ನಿಲುವಿಗೆ ಹೆಚ್ಚಾಗಿ ಅಂಟಿಕೊಂಡರು. ಆದರೆ ಇದನ್ನು ಹಿಗ್ಗಿಸಿ ಹೇಳಬಾರದು. ಮಾರಲ್ ಮಷೀನ್‌ನಲ್ಲಿ ತಮ್ಮ ವಯಸ್ಸು, ಆದಾಯ, ಶಿಕ್ಷಣ, ಧಾರ್ಮಿಕತೆಯ ವಿವರ ಕೊಟ್ಟ ಲಕ್ಷಾಂತರ ಜನರ ಉತ್ತರಗಳನ್ನು ಹೋಲಿಸಿದಾಗ, ಈ ವೈಯಕ್ತಿಕ ವ್ಯತ್ಯಾಸಗಳು ತೀರ್ಮಾನವನ್ನು ಬದಲಿಸಿದ್ದು ಅತ್ಯಲ್ಪ. ವಯಸ್ಸಿಗಿಂತ ಬಲವಾದದ್ದು ಕುಳಿತ ಜಾಗ. ಜಾನ್-ಫ್ರಾಂಸ್ವಾ ಬೊನ್ನೆಫೊ, ಅಜೀಂ ಶರೀಫ್ ಮತ್ತು ಇಯಾದ್ ರಹ್ವಾನ್ 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಮೀಕ್ಷೆಗಳಲ್ಲಿ, ಹತ್ತು ಪಾದಚಾರಿಗಳನ್ನು ಉಳಿಸಲು ಕಾರು ತನ್ನೊಳಗಿನ ಒಬ್ಬ ಪ್ರಯಾಣಿಕನನ್ನು ಬಲಿಕೊಡುವುದೇ ಹೆಚ್ಚು ನೈತಿಕ ಎಂದು ಶೇ 76ರಷ್ಟು ಜನ ಹೇಳಿದ್ದರು. ಆದರೆ ತಾವೇ ಕೊಳ್ಳುವ ಮಾತು ಬಂದಾಗ, ಒಳಗಿರುವವರನ್ನು ಕಾಪಾಡುವ ಕಾರೇ ಬೇಕೆಂದರು. ಬೇರೆಯವರು ತ್ಯಾಗಮಯಿ ಕಾರಿನಲ್ಲಿ ಹೋಗಲಿ, ನಾವೂ ನಮ್ಮ ಮನೆಯವರೂ ಸುರಕ್ಷಿತವಾಗಿರೋಣ ಎಂಬ ಈ ಮನಸ್ಥಿತಿ ಯಾವ ಒಂದು ತಲೆಮಾರಿನ ದೋಷವೂ ಅಲ್ಲ. ಹಾಗಾಗಿ ಕಿರಿಯರು ಸ್ವಾರ್ಥಿಗಳು, ಹಿರಿಯರು ವಿವೇಕಿಗಳು ಎಂದೋ, ಹಿರಿಯರು ಹಟಮಾರಿಗಳು, ಕಿರಿಯರು ತರ್ಕಬದ್ಧರು ಎಂದೋ ಹಣೆಪಟ್ಟಿ ಹಚ್ಚುವುದರಿಂದ ಪ್ರಯೋಜನವಿಲ್ಲ. ಕಾರಿನೊಳಗೆ ಕುಳಿತ ಯಾರ ಆಯ್ಕೆಗೂ ಹೊರಗಿನವರ ಜೀವವನ್ನು ಪೂರ್ತಿ ಒಪ್ಪಿಸಬಾರದು ಎಂಬುದೇ ಈ ಸಾಕ್ಷ್ಯ ಕಲಿಸುವ ಪಾಠ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಎಂಬತ್ತು ವರ್ಷ ಬದುಕಿದವರು ಬಾಳಿನ ಬಹುಪಾಲನ್ನು ಕಂಡಿದ್ದಾರೆ. ಎಂಟು ವರ್ಷದ ಮಗುವಿಗೆ ಎಲ್ಲವೂ ಇನ್ನೂ ಮುಂದಿದೆ. ಇಬ್ಬರಲ್ಲಿ ಒಬ್ಬರೇ ಉಳಿಯಬಹುದಾದರೆ ಮಗು ಉಳಿಯಲಿ ಎಂದು ಎಷ್ಟೋ ಅಜ್ಜ ಅಜ್ಜಿಯರೇ ಹೇಳಿಯಾರು. ಪ್ರತಿಯೊಬ್ಬರಿಗೂ ನ್ಯಾಯವಾದ ಒಂದು ಆಯುಷ್ಯದ ಪಾಲು ಸಿಗಬೇಕು ಎಂಬ ಈ ವಾದವನ್ನು ವೈದ್ಯಕೀಯ ನೀತಿಶಾಸ್ತ್ರದಲ್ಲಿ ದಶಕಗಳಿಂದ ಗಂಭೀರವಾಗಿ ಚರ್ಚಿಸಲಾಗಿದೆ. ಜಗತ್ತಿನ ಬಹುಪಾಲು ಜನರ ಒಲವೂ ಅದೇ ಎಂದಾದಮೇಲೆ ಕಾರೇಕೆ ಅದನ್ನು ಪಾಲಿಸಬಾರದು? ನನ್ನ ಉತ್ತರ ಎರಡು ನೆಲೆಯದು. ಮೊದಲನೆಯದಾಗಿ, ಆ ಒಲವು ಬಂದದ್ದು ಎರಡರಲ್ಲಿ ಒಂದನ್ನು ಆರಿಸಲೇಬೇಕು ಎಂಬ ಒತ್ತಾಯದಿಂದ. ಯೊಹಾನನ್ ಬಿಗ್‌ಮನ್ ಮತ್ತು ಕರ್ಟ್ ಗ್ರೇ ಎಂಬ ಸಂಶೋಧಕರು ಮೂರನೇ ಆಯ್ಕೆಯೊಂದನ್ನು ಸೇರಿಸಿದರು: ಕಾರು ಇಬ್ಬರನ್ನೂ ಸಮಾನವಾಗಿ ಕಾಣಲಿ. 2020ರಲ್ಲಿ ‘ನೇಚರ್’ನಲ್ಲೇ ಪ್ರಕಟವಾದ ಅವರ ಫಲಿತಾಂಶದಲ್ಲಿ, ವಯಸ್ಸು, ಲಿಂಗದಂಥ ಭೇದಗಳ ವಿಷಯದಲ್ಲಿ ಹೆಚ್ಚಿನವರು ಆ ಸಮಾನತೆಯನ್ನೇ ಆರಿಸಿಕೊಂಡರು. ಎರಡನೆಯದಾಗಿ, ಒಬ್ಬ ಅಜ್ಜ ತಾನಾಗಿ ಮೊಮ್ಮಗುವಿಗಾಗಿ ಜೀವ ಕೊಡುವುದು ತ್ಯಾಗ. ಕಂಪನಿಯೊಂದು ಮೊದಲೇ ಬರೆದಿಟ್ಟ ಸೂತ್ರ ಎಲ್ಲ ಅಜ್ಜಂದಿರನ್ನೂ ಬಲಿಗೆ ಸಾಲಾಗಿ ನಿಲ್ಲಿಸುವುದು ಅನ್ಯಾಯ. ಗಾಬರಿಯ ಗಳಿಗೆಯಲ್ಲಿ ಚಾಲಕನೊಬ್ಬನ ಕೈ ಯಾವ ಕಡೆ ತಿರುಗಿತು ಎಂಬುದನ್ನು ನಾವು ಕ್ಷಮಿಸಬಲ್ಲೆವು. ಹವಾನಿಯಂತ್ರಿತ ಕೋಣೆಯಲ್ಲಿ ತಿಂಗಳುಗಟ್ಟಲೆ ಯೋಚಿಸಿ, ಲಕ್ಷಾಂತರ ಕಾರುಗಳಿಗೆ ಏಕಕಾಲಕ್ಕೆ ಹಂಚುವ ಆದೇಶಕ್ಕೆ ಆ ಕ್ಷಮೆ ಸಲ್ಲದು. ಅದು ಒಂದು ವಯೋಮಾನದ ಇಡೀ ಜನವರ್ಗಕ್ಕೆ ರಸ್ತೆಯಲ್ಲಿ ಎರಡನೇ ದರ್ಜೆಯ ಸ್ಥಾನ ಕೊಟ್ಟಂತೆ.

ಇನ್ನೂ ಒಂದು ಕಾರಣವಿದೆ, ಅದು ವಾಸ್ತವದ್ದು. ಈವರೆಗೆ ನಡೆದ ಗಂಭೀರ ಅಪಘಾತಗಳನ್ನು ನೋಡಿದರೆ, ಕಾರು ಇಬ್ಬರ ನಡುವೆ ಆರಿಸಲು ತಿಣುಕಾಡಿ ಸೋತ ಕತೆ ಅಲ್ಲಿ ಕಾಣುವುದಿಲ್ಲ. 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿಯಲ್ಲಿ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ 49 ವರ್ಷದ ಮಹಿಳೆಗೆ ಊಬರ್ ಸಂಸ್ಥೆಯ ಪರೀಕ್ಷಾರ್ಥ ಕಾರು ಡಿಕ್ಕಿ ಹೊಡೆದು ಅವರು ಸತ್ತರು. ತಾನಾಗಿ ಚಲಿಸುವ ಕಾರಿಗೆ ಪಾದಚಾರಿಯೊಬ್ಬರು ಬಲಿಯಾದ ಮೊದಲ ಪ್ರಕರಣವದು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯ ಪ್ರಕಾರ, ಡಿಕ್ಕಿಗೆ 5.6 ಸೆಕೆಂಡು ಮೊದಲೇ ಕಾರಿನ ಸೆನ್ಸರ್‌ಗಳು ಅವರನ್ನು ಗುರುತಿಸಿದ್ದವು. ಆದರೆ ಸಾಫ್ಟ್‌ವೇರ್ ಅವರನ್ನು ಒಮ್ಮೆ ಬೇರೆ ವಾಹನವೆಂದು, ಒಮ್ಮೆ ಸೈಕಲ್ ಎಂದು, ಒಮ್ಮೆ ಏನೋ ಒಂದು ವಸ್ತುವೆಂದು ಬಗೆಯುತ್ತಾ ಹೋಯಿತು; ನಡೆದು ಬರುತ್ತಿರುವ ಮನುಷ್ಯ ಜೀವವೆಂದು ಕೊನೆಯವರೆಗೂ ತಿಳಿಯಲಿಲ್ಲ. ಝೀಬ್ರಾ ಪಟ್ಟೆಯಿಲ್ಲದ ಕಡೆಯೂ ಜನ ದಾಟಬಹುದು ಎಂಬ ಸಾಧ್ಯತೆಯನ್ನೇ ಆ ವ್ಯವಸ್ಥೆಯಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕಾರಿನಲ್ಲಿದ್ದ ಮೇಲ್ವಿಚಾರಕಿಯ ಗಮನ ಫೋನಿನಲ್ಲಿತ್ತು. ನೈತಿಕ ತಪ್ಪು ಇಲ್ಲಿಯೂ ಇದೆ, ಆದರೆ ಅದು ಕೊನೆಯ ಸೆಕೆಂಡಿನದಲ್ಲ. ಯಾರನ್ನು ಕಾಣಲು ಯಂತ್ರಕ್ಕೆ ಕಲಿಸಿದೆವು, ಯಾರನ್ನು ಮರೆತೆವು ಎಂಬ ತೀರ್ಮಾನಗಳಲ್ಲಿ ಅದು ಎಷ್ಟೋ ತಿಂಗಳ ಮೊದಲೇ ನಡೆದುಹೋಗಿತ್ತು.

ವಯಸ್ಸಿನ ಪ್ರಶ್ನೆ ನಿಜವಾಗಿ ಎದುರಾಗುವುದೂ ಇಲ್ಲೇ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2023ರಲ್ಲಿ, ಪಾದಚಾರಿಗಳನ್ನು ಗುರುತಿಸುವ ಎಂಟು ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗಳನ್ನು ಪರೀಕ್ಷಿಸಿ ವರದಿ ಮಾಡಿದರು. ದೊಡ್ಡವರಿಗೆ ಹೋಲಿಸಿದರೆ ಮಕ್ಕಳನ್ನು ಗುರುತಿಸುವ ನಿಖರತೆ ಸುಮಾರು ಶೇ 20ರಷ್ಟು ಕಡಿಮೆಯಿತ್ತು. ಇದು ಯಾರೂ ಬೇಕೆಂದು ಮಾಡಿದ ಭೇದವಲ್ಲ. ಮಕ್ಕಳ ಗಾತ್ರ ಚಿಕ್ಕದು, ನಿಂತ ಕಾರುಗಳ ಮರೆಯಲ್ಲಿ ಅವರು ಬೇಗ ಮುಚ್ಚಿಹೋಗುತ್ತಾರೆ, ಯಂತ್ರದ ತರಬೇತಿಗೆ ಬಳಸುವ ಚಿತ್ರಗಳಲ್ಲಿ ದೊಡ್ಡವರೇ ಹೆಚ್ಚಾಗಿರುತ್ತಾರೆ. ಮಕ್ಕಳನ್ನು ಉಳಿಸಿ ಎಂದು ಜಗತ್ತಿನ ಕೋಟ್ಯಂತರ ಉತ್ತರಗಳು ಹೇಳುತ್ತಿರುವಾಗ, ಮಕ್ಕಳನ್ನೇ ಸರಿಯಾಗಿ ಕಾಣದ ಕಣ್ಣುಗಳನ್ನು ನಾವು ಯಂತ್ರಕ್ಕೆ ಕೊಡುತ್ತಿದ್ದೇವೆ. ರೋಬೊಟ್ಯಾಕ್ಸಿ ಸೇವೆ ನೀಡುವ ವೇಮೊ ಸಂಸ್ಥೆಯ ಕಾರುಗಳು, ಮಕ್ಕಳನ್ನು ಹತ್ತಿಸಿಕೊಳ್ಳಲು ಇಳಿಸಲು ನಿಂತ ಶಾಲಾ ಬಸ್ಸುಗಳನ್ನು ದಾಟಿಹೋಗುತ್ತಿವೆ ಎಂಬ ವರದಿಯ ಮೇಲೆ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2025ರ ಅಕ್ಟೋಬರ್‌ನಲ್ಲಿ ತನಿಖೆ ಆರಂಭಿಸಿತು; ಡಿಸೆಂಬರ್‌ನಲ್ಲಿ ಕಂಪನಿ ಸಾಫ್ಟ್‌ವೇರ್ ತಿದ್ದಲು ಮುಂದಾಯಿತು. ಮಗುವೋ ಮುದುಕನೋ ಎಂಬ ಕಲ್ಪಿತ ಒಗಟಿಗಿಂತ ನಿಂತ ಶಾಲಾ ಬಸ್ಸಿನ ಮುಂದೆ ಕಾರು ನಿಲ್ಲುತ್ತದೆಯೇ ಎಂಬ ಸರಳ ಪ್ರಶ್ನೆ ಹೆಚ್ಚು ಮಕ್ಕಳ ಜೀವ ಉಳಿಸಬಲ್ಲದು.

ಇಳಿವಯಸ್ಸಿನವರ ವಿಷಯದಲ್ಲಿ ದೇಹದ ಲೆಕ್ಕವೇ ಬೇರೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎಎಎ ಫೌಂಡೇಶನ್ ನಡೆಸಿದ ಅಧ್ಯಯನವೊಂದರ ಪ್ರಕಾರ, ಗಂಟೆಗೆ ಸುಮಾರು 37 ಕಿ.ಮೀ. ವೇಗದಲ್ಲಿ ಕಾರು ಬಡಿದರೆ ಪಾದಚಾರಿ ಸಾಯುವ ಸಂಭವ ಶೇ 10. ಸುಮಾರು 68 ಕಿ.ಮೀ. ವೇಗದಲ್ಲಿ ಅದು ಶೇ 50ಕ್ಕೇರುತ್ತದೆ. ಇದು ಎಲ್ಲ ವಯಸ್ಸಿನವರ ಸರಾಸರಿ. ಅದೇ ಅಧ್ಯಯನ ಕಂಡುಕೊಂಡ ಇನ್ನೊಂದು ಸಂಗತಿ ನಮ್ಮ ಚರ್ಚೆಯ ತಿರುಳು: ಗಂಟೆಗೆ 40 ಕಿ.ಮೀ. ವೇಗದ ಕಾರು 70 ವರ್ಷದವರಿಗೆ ಬಡಿದರೆ ಆಗುವ ಅಪಾಯವೂ, 56 ಕಿ.ಮೀ. ವೇಗದ ಕಾರು 30 ವರ್ಷದವರಿಗೆ ಬಡಿದರೆ ಆಗುವ ಅಪಾಯವೂ ಹೆಚ್ಚುಕಡಿಮೆ ಒಂದೇ. ವೇಗದ ಮಿತಿ ಕಾಗದದ ಮೇಲೆ ಎಲ್ಲರಿಗೂ ಸಮಾನ, ಮೂಳೆಯ ಮೇಲೆ ಸಮಾನವಲ್ಲ. ನಡಿಗೆಯೂ ಹಾಗೆಯೇ. ಬ್ರಿಟನ್ನಿನಲ್ಲಿ ಪಾದಚಾರಿ ಸಿಗ್ನಲ್‌ಗಳ ಅವಧಿಯನ್ನು ಸೆಕೆಂಡಿಗೆ 1.2 ಮೀಟರ್ ನಡಿಗೆಯ ಆಧಾರದಲ್ಲಿ ಲೆಕ್ಕ ಹಾಕಲಾಗುತ್ತಿತ್ತು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಗ್ಲೆಂಡಿನ 65 ದಾಟಿದವರ ನಡಿಗೆ ಅಳೆದಾಗ, ಶೇ 76ರಷ್ಟು ಪುರುಷರೂ ಶೇ 85ರಷ್ಟು ಮಹಿಳೆಯರೂ ಆ ವೇಗ ಮುಟ್ಟಲಾರದವರಾಗಿದ್ದರು. ಮಹಿಳೆಯರ ಸರಾಸರಿ ನಡಿಗೆ ಸೆಕೆಂಡಿಗೆ 0.8 ಮೀಟರ್. ಹತ್ತು ಮೀಟರ್ ಅಗಲದ ರಸ್ತೆಯನ್ನು ಸಿಗ್ನಲ್ ನಿರೀಕ್ಷಿಸುವ ವೇಗದಲ್ಲಿ ದಾಟಲು ಎಂಟು ಸೆಕೆಂಡಿಗೆ ತುಸು ಹೆಚ್ಚು ಸಾಕು, ಆ ಮಹಿಳೆಗೆ ಹನ್ನೆರಡೂವರೆ ಸೆಕೆಂಡು ಬೇಕು. ನಡುವಿನ ನಾಲ್ಕು ಸೆಕೆಂಡು ಕಾರು ಕಾಯುತ್ತದೆಯೇ, ಮುಂದಕ್ಕೆ ತೆವಳುತ್ತದೆಯೇ ಎಂಬುದು ದಿನಕ್ಕೆ ಸಾವಿರಾರು ಸಲ ಎದುರಾಗುವ ನೈತಿಕ ಆಯ್ಕೆ.

ಆ ನಾಲ್ಕು ಸೆಕೆಂಡುಗಳಲ್ಲಿ ಕಾರಿನೊಳಗೆ ಕುಳಿತವರ ಪಾತ್ರವೂ ಇದೆ. ಟೆಸ್ಲಾ ತನ್ನ ಸ್ವಯಂಚಾಲನಾ ಸಾಫ್ಟ್‌ವೇರ್‌ನಲ್ಲಿ ನಿಧಾನದ, ಸಾಧಾರಣದ, ನುಗ್ಗುವ ಸ್ವಭಾವದ ಚಾಲನೆ ಎಂಬ ಆಯ್ಕೆಗಳನ್ನು ಬಳಕೆದಾರರ ಬೆರಳ ತುದಿಗೆ ಕೊಟ್ಟಿತು. ಪೂರ್ತಿ ನಿಲ್ಲಬೇಕಾದ ಅಡ್ಡರಸ್ತೆಗಳಲ್ಲೂ ಕಾರು ಮೆಲ್ಲಗೆ ಉರುಳಿಕೊಂಡೇ ದಾಟಲು ಅದರಲ್ಲಿ ಅವಕಾಶವಿದ್ದುದರಿಂದ, 2022ರ ಫೆಬ್ರವರಿಯಲ್ಲಿ ಸುಮಾರು 54,000 ಕಾರುಗಳ ಸಾಫ್ಟ್‌ವೇರ್ ಹಿಂಪಡೆದು ತಿದ್ದಬೇಕಾಯಿತು. ಪ್ರಯಾಣಿಕನ ಅವಸರಕ್ಕೆ ಪಾದಚಾರಿಯ ಮೂಳೆ ಬೆಲೆ ತೆರುವ ಏರ್ಪಾಡಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಒಳಗಿರುವವರು ಈಗ ಎಳೆಯರೂ ಆಗಿರುತ್ತಾರೆ: 2025ರ ಜುಲೈನಿಂದ ಫೀನಿಕ್ಸ್ ನಗರದಲ್ಲಿ 14ರಿಂದ 17 ವರ್ಷದವರು, ಪೋಷಕರ ಖಾತೆಗೆ ಜೋಡಿಸಿದ ತಮ್ಮದೇ ಖಾತೆಯಿಂದ ವೇಮೊ ಕಾರು ಕರೆದು ದೊಡ್ಡವರ ಜೊತೆಯಿಲ್ಲದೆ ಹೋಗಬಹುದು. ಹದಿನಾಲ್ಕರ ಹುಡುಗಿಯಿರಲಿ, ಎಪ್ಪತ್ತರ ಅಜ್ಜಿಯಿರಲಿ, ವೇಗ ಹೆಚ್ಚಿಸುವ ಗುಂಡಿ ಅವರ ಕೈಯಲ್ಲಿರಬಾರದು. ಕಾರನ್ನು ನಿಲ್ಲಿಸುವ, ನೆರವು ಕೇಳುವ ಗುಂಡಿ ಎಲ್ಲರ ಕೈಗೆ ಸುಲಭವಾಗಿ ಸಿಗಬೇಕು. ಅಪಾಯ ಹೊರಗಿನವರ ಪಾಲಿಗೆ ಬೀಳುವುದಾದರೆ ಆಯ್ಕೆಯ ಹಕ್ಕು ಒಳಗಿನವರಿಗೆ ಸಲ್ಲದು.

ಇನ್ನೊಂದು ಆಕ್ಷೇಪ ತರ್ಕದ್ದು. ವಯಸ್ಸು ನೋಡಿ ವೇಗ ತಗ್ಗಿಸುವುದೂ ಒಂದು ಬಗೆಯ ಭೇದವೇ ಅಲ್ಲವೇ? ಎಡಕ್ಕೆ ಮಗು, ಬಲಕ್ಕೆ ಯುವಕ ಸೈಕಲ್ ತುಳಿಯುತ್ತಿದ್ದಾಗ ಕಾರು ಮಗುವಿನಿಂದ ಒಂದು ಅಡಿ ದೂರ ಸರಿದರೆ ಯುವಕನಿಗೆ ಒಂದು ಅಡಿ ಹತ್ತಿರವಾಗುತ್ತದೆ. ಅಪಾಯವನ್ನು ಹಂಚುವ ಇಂಥ ಸಣ್ಣ ನಿರ್ಧಾರಗಳು ಕೋಟಿಗಟ್ಟಲೆ ಕೂಡಿದಾಗ, ಯಾರು ಸಾಯುತ್ತಾರೆ ಎಂಬುದು ಅಂಕಿ ಅಂಶಗಳಲ್ಲಿ ಮೂಡಿಯೇ ಮೂಡುತ್ತದೆ ಎಂದು ಬೊನ್ನೆಫೊ ಮತ್ತು ಅವರ ಸಹೋದ್ಯೋಗಿಗಳೇ ತೋರಿಸಿದ್ದಾರೆ. ಈ ಮಾತು ನಿಜ. ಆದರೆ ಅಡ್ಡ ಸರಿಯುವುದಕ್ಕೂ ನಿಧಾನಿಸುವುದಕ್ಕೂ ದೊಡ್ಡ ಅಂತರವಿದೆ. ಅಡ್ಡ ಸರಿದರೆ ಒಬ್ಬರ ಅಪಾಯ ಇನ್ನೊಬ್ಬರ ಮೇಲೆ ಹೋಗುತ್ತದೆ. ನಿಧಾನಿಸಿದರೆ ಇಬ್ಬರ ಅಪಾಯವೂ ತಗ್ಗುತ್ತದೆ, ಅದರ ಬೆಲೆಯಾಗಿ ಪ್ರಯಾಣಿಕ ಕೆಲವು ಸೆಕೆಂಡು ತೆರುತ್ತಾನೆ. ಹಾಗಾಗಿ ನಿಯಮ ಹೀಗಿರಲಿ: ಮೊದಲು ವೇಗ ಇಳಿಸು, ಆಮೇಲಷ್ಟೇ ಪಕ್ಕಕ್ಕೆ ಸರಿ. ದೌರ್ಬಲ್ಯವನ್ನು ಗಮನಿಸುವುದು ಬೆಲೆ ಕಟ್ಟುವುದಲ್ಲ ಎಂಬುದನ್ನು ಕಾನೂನುಗಳು ಮೊದಲಿನಿಂದ ಬಲ್ಲವು. ಫ್ರಾನ್ಸಿನಲ್ಲಿ 1985ರ ಬಾದಂತೇರ್ ಕಾಯ್ದೆ, ವಾಹನ ಡಿಕ್ಕಿಯಾಗಿ ಗಾಯಗೊಂಡ ಪಾದಚಾರಿ 16ಕ್ಕಿಂತ ಕಿರಿಯನೋ 70ಕ್ಕಿಂತ ಹಿರಿಯನೋ ಆಗಿದ್ದರೆ, ತಪ್ಪು ಅವನದೇ ಇದ್ದರೂ ಪರಿಹಾರ ಕೊಡಿಸುತ್ತದೆ. ಬೇಕೆಂದೇ ಗಾಯ ಮಾಡಿಕೊಂಡಿದ್ದರೆ ಮಾತ್ರ ಇಲ್ಲ. ನಡುವಯಸ್ಸಿನವರ ಜೀವ ಅಗ್ಗವೆಂದು ಆ ಕಾಯ್ದೆಯನ್ನು ಯಾರೂ ಓದಲಾರರು. ಭಾರತದಲ್ಲೂ 2022ರಲ್ಲಿ ತಿದ್ದಿದ ಮೋಟಾರು ವಾಹನ ನಿಯಮದಂತೆ, ನಾಲ್ಕು ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡ ದ್ವಿಚಕ್ರ ವಾಹನ ಗಂಟೆಗೆ 40 ಕಿ.ಮೀ. ಮೀರಬಾರದು. ವಯಸ್ಸನ್ನು ನೋಡಿ ವೇಗ ಹೊಂದಿಸುವ ತತ್ವ ನಮಗೂ ಹೊಸದಲ್ಲ.

ಎಲ್ಲಕ್ಕಿಂತ ನೋವಿನ ಆಕ್ಷೇಪ ಜಪಾನಿನಿಂದ ಬರುತ್ತದೆ. 2019ರ ಏಪ್ರಿಲ್‌ನಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ 87 ವರ್ಷದವರೊಬ್ಬರು ಓಡಿಸುತ್ತಿದ್ದ ಕಾರು ನುಗ್ಗಿ ಯುವ ತಾಯಿ ಮತ್ತು ಮೂರು ವರ್ಷದ ಮಗಳು ಸತ್ತರು. ಇಡೀ ದೇಶ ಕಂಗೆಟ್ಟಿತು. ಆ ವರ್ಷ ಸುಮಾರು 6 ಲಕ್ಷ ಜನ ಸ್ವಯಂ ಪ್ರೇರಣೆಯಿಂದ ಚಾಲನಾ ಪರವಾನಗಿ ಹಿಂತಿರುಗಿಸಿದರು, ಅವರಲ್ಲಿ ಬಹುಪಾಲು ಹಿರಿಯರು. ಬಸ್ಸಿಲ್ಲದ ಹಳ್ಳಿಯಲ್ಲಿ ಪರವಾನಗಿ ಬಿಟ್ಟುಕೊಡುವುದೆಂದರೆ ಆಸ್ಪತ್ರೆ, ಅಂಗಡಿ, ಗೆಳೆಯರ ಮನೆ ಎಲ್ಲವನ್ನೂ ಬಿಟ್ಟುಕೊಟ್ಟಂತೆ. ಚಾಲಕನಿಲ್ಲದ ವಾಹನಗಳ ಮೇಲೆ ಅತಿಯಾದ ಎಚ್ಚರದ ಷರತ್ತು ಹೇರಿದರೆ ಅವು ತಡವಾಗಿ ಬರುತ್ತವೆ, ಆ ತಡಕ್ಕೆ ಬೆಲೆ ತೆರುವವರು ಇವರೇ ಎಂದು ವಾದಿಸುವವರಿದ್ದಾರೆ. ಮನುಷ್ಯ ಚಾಲಕನಿಗಿಂತ ತುಸು ಉತ್ತಮವಾದೊಡನೆ ರಸ್ತೆಗಿಳಿಸಿದರೆ, ಪರಿಪೂರ್ಣತೆಗೆ ಕಾಯುವುದಕ್ಕಿಂತ ಹೆಚ್ಚು ಜೀವ ಉಳಿಯುತ್ತವೆ ಎಂದು ಅಮೆರಿಕದ ರ‍್ಯಾಂಡ್ ಸಂಸ್ಥೆಯ 2017ರ ವರದಿಯೂ ಹೇಳಿತ್ತು. ಆದರೆ ಜಪಾನ್ ತಾನೇ ಇದಕ್ಕೆ ಉತ್ತರ ತೋರಿಸಿದೆ. 2023ರ ಮೇ ತಿಂಗಳಲ್ಲಿ ಫುಕುಯಿ ಪ್ರಾಂತ್ಯದ ಏಹೇಜಿ ಊರಿನಲ್ಲಿ, ರಸ್ತೆಯಲ್ಲಿ ಚಾಲಕನಿಲ್ಲದೆ ಓಡುವ ದೇಶದ ಮೊದಲ ಸಾರ್ವಜನಿಕ ಸಾರಿಗೆ ಸೇವೆ ಸುಮಾರು 2 ಕಿ.ಮೀ. ದಾರಿಯಲ್ಲಿ ಆರಂಭವಾಯಿತು. ಅದರ ಗರಿಷ್ಠ ವೇಗ ಗಂಟೆಗೆ 12 ಕಿ.ಮೀ. ಹಿರಿಯರಿಗೆ ಬೇಕಾದದ್ದು ತಲುಪುವ ಭರವಸೆ. ಆ ಭರವಸೆಗೂ ನಿಧಾನಕ್ಕೂ ಜಗಳವಿಲ್ಲ. ಸುರಕ್ಷಿತ ವೇಗದಲ್ಲಿ ಬೇಗ ಆರಂಭಿಸಿ, ಪುರಾವೆ ಸಿಕ್ಕಂತೆ ವೇಗ ಹೆಚ್ಚಿಸುವ ದಾರಿಯಿರುವಾಗ, ಇಳಿವಯಸ್ಸಿನ ಪ್ರಯಾಣಿಕರ ಹೆಸರು ಹೇಳಿ ಇಳಿವಯಸ್ಸಿನ ಪಾದಚಾರಿಗಳನ್ನು ಅಪಾಯಕ್ಕೆ ಒಡ್ಡುವುದು ಸರಿಯಲ್ಲ.

ಚಾಲಕರ ಉದ್ಯೋಗ ಹೋಗುತ್ತದೆ ಎಂಬ ಕಾರಣ ಕೊಟ್ಟು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಚಾಲಕನಿಲ್ಲದ ಕಾರುಗಳನ್ನು ಭಾರತಕ್ಕೆ ಬಿಡುವುದಿಲ್ಲವೆಂದು ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದಾರೆ. ಆದರೂ ಈ ಚರ್ಚೆ ನಮಗೆ ದೂರದ್ದಲ್ಲ. ಮರ್ಸಿಡಿಸ್-ಬೆಂಝ್, ಬಾಷ್‌ನಂಥ ಕಂಪನಿಗಳ ದೊಡ್ಡ ತಾಂತ್ರಿಕ ಕೇಂದ್ರಗಳು ಬೆಂಗಳೂರಿನಲ್ಲಿವೆ. ರೋಬೊಟ್ಯಾಕ್ಸಿಗಳು ಓಡುವ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಕನ್ನಡಿಗರ ಮನೆಗಳಿವೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು ಎಂಬ ಸರ್ಕಾರಿ ಲೆಕ್ಕ, ಮನುಷ್ಯ ಚಾಲಕರೂ ಈ ಪರೀಕ್ಷೆಯಲ್ಲಿ ಗೆದ್ದವರಲ್ಲ ಎಂದು ನೆನಪಿಸುತ್ತದೆ. ಕಾರನ್ನು ರಸ್ತೆಗೆ ಬಿಡುವ ಯಾವುದೇ ಸರ್ಕಾರ ಕೇಳಬೇಕಾದ ಪ್ರಶ್ನೆಗಳು ಸ್ಪಷ್ಟವಾಗಿವೆ. ಈ ಯಂತ್ರ ಐದು ವರ್ಷದ ಮಗುವನ್ನು ಐವತ್ತರ ಗಂಡಸಿನಷ್ಟೇ ಚೆನ್ನಾಗಿ ಗುರುತಿಸುತ್ತದೆಯೇ? ಅದರ ಫಲಿತಾಂಶವನ್ನು ವಯೋಮಾನಕ್ಕೆ ತಕ್ಕಂತೆ ವಿಂಗಡಿಸಿ ಸಾರ್ವಜನಿಕರ ಮುಂದಿಟ್ಟಿದ್ದೀರಾ? ಶಾಲೆ, ಆಸ್ಪತ್ರೆ, ಸಂತೆಯ ಬಳಿ ತಾನಾಗಿ ನಿಧಾನಿಸುತ್ತದೆಯೇ? ಒಳಗಿರುವವರಿಗೆ ಆ ನಿಧಾನವನ್ನು ಕೈಬಿಡಿಸಲು ಬರುತ್ತದೆಯೇ? ಕೊನೆಯ ಗಳಿಗೆಯಲ್ಲಿ ಯಾರ ವಯಸ್ಸನ್ನೂ ತೂಗುವ ಸೂತ್ರ ಅದರೊಳಗೆ ಇಲ್ಲವೆಂದು ಯಾರು ಪರಿಶೀಲಿಸಿದ್ದಾರೆ? ಮಗುವೋ ಅಜ್ಜಿಯೋ ಎಂದು ಕಾರು ಆರಿಸಬೇಕಾದ ಸನ್ನಿವೇಶ ಬಹುಮಟ್ಟಿಗೆ ಹುಟ್ಟುವುದು ವೇಗ ಹೆಚ್ಚಾಗಿದ್ದಾಗ, ನೋಟ ಕಡಿಮೆಯಾಗಿದ್ದಾಗ. ಇವೆರಡನ್ನೂ ತಿದ್ದುವ ಶಕ್ತಿ ನಮಗಿರುವಾಗ, ಆ ಇಬ್ಬರಲ್ಲಿ ಯಾರನ್ನು ಕಳೆದುಕೊಳ್ಳಬಹುದು ಎಂದು ಮತಕ್ಕೆ ಹಾಕುವ ಅಧಿಕಾರ ನಮಗಿಲ್ಲ.